ನಿಲ್ಲುವ ಕೂಲಿ

“ಒತ್ತಾಗಿ ನಿಲ್ರೋ ಬೋಳಿಮಕ್ಳಾ! ದೂರ ದೂರ ನಿಂತ್ರೆ ಭಾರ ಎಲ್ಲಿ ಬೀಳ್ತದೆ? ನಿಮ್ಮವ್ವನ ಮದ್ವೆಗೆ ಬಂದಿದೀರಾ?”

ಮೇಸ್ತ್ರಿ ಕೂಸಪ್ಪನ ಬಾಯಿಗೆ ಬೀಗವೇ ಇಲ್ಲ. ಆಳುಗಳು ಭುಜಕ್ಕೆ ಭುಜ ತಾಗಿಸಿ ಮರಳಿನ ಮೇಲೆ ನಿಂತರು. ದಂಡೆಯ ಮೇಲೆ ಹೆಂಗಸರ ನಡುವೆ ಇದ್ದ ಲಿಂಗಮ್ಮನಿಗೆ ನಗು ತಡೆಯಲಾಗಲಿಲ್ಲ. ಎಲ್ಲರಿಗಿಂತ ದಪ್ಪ ಅಂತ ಅವಳ ಗಂಡ ಪುಟ್ಟಸ್ವಾಮಿಯನ್ನು ನಟ್ಟನಡುವೆ, ಮರಳ ಮೇಲಿಟ್ಟಿದ್ದ ಮಿಲ್ಲಿನ ಇಂಜಿನ್ನಿನ ಪಕ್ಕದಲ್ಲೇ ನಿಲ್ಲಿಸಿದ್ದರು.

“ಬೆಳಿಗ್ಗೆ ತಿಂದ್ ರೊಟ್ಟಿ ಕೆಲ್ಸಕ್ ಬಂತು ನೋಡು!” ಎಂದು ಕೂಗಿದಳು.

“ನೀನೂ ಬಾರೆ ಲಿಂಗಿ, ನಿನ್ ನಾಲ್ಗೆ ಭಾರ ಒಂದೇ ಸಾಕು,” ಅಂದ ಅವನು. ಆಳುಗಳೆಲ್ಲ ಗೊಳ್ಳೆಂದು ನಕ್ಕರು.

ನಗದೆ ಇನ್ನೇನು ಮಾಡಿಯಾರು? ಹೊರುವುದಿಲ್ಲ, ಅಗೆಯುವುದಿಲ್ಲ, ಬರೀ ನಿಂತರೆ ದಿನದ ಕೂಲಿ. ಇಂಥ ಸುಖದ ಕೆಲಸವನ್ನು ಹುಟ್ಟಿದಾಗಿನಿಂದ ಅವರು ಕಂಡಿರಲಿಲ್ಲ.

ಕೊಡಗು ಬೇರೆ ರಾಜ್ಯವಾಗಿ, ಅದಕ್ಕೆ ಅದರದೇ ಮಂತ್ರಿಗಳು ಬಂದಿದ್ದ ಕಾಲ. ಸಿದ್ದಾಪುರದ ಕೆಳಗೆ ಹೊಳೆ ಪಕ್ಕದ ಜೌಗಿನಲ್ಲಿ ಸಾಹುಕಾರ ಪೊನ್ನಪ್ಪನವರಿಗೆ ಅಕ್ಕಿ ಮಿಲ್ಲು ಆಗಬೇಕಿತ್ತು, ಅದೂ ಹೊಸ ಭತ್ತ ಬರುವ ಹುತ್ತರಿ ಹಬ್ಬದೊಳಗೆ. ಬೇಸಗೆಯಲ್ಲಿ ಈ ಆಳುಗಳೇ ಹೊಳೆಯ ಮರಳು ಹೊತ್ತು ಜೌಗನ್ನು ತುಂಬಿಸಿದ್ದರು. ಈಗ ಮೇಲೆ ಮರಳು ಒಣಗಿತ್ತು, ಕೆಳಗೆ ಮಳೆಗಾಲದ ನೀರು ಹಾಗೇ ಇತ್ತು. ಇಂಜಿನ್ನಿನ ಅದುರಾಟಕ್ಕೆ ಈ ನೆಲ ತಡೆಯುತ್ತದೋ ಇಲ್ಲವೋ ನೋಡಲು ಮಡಿಕೇರಿಯಿಂದ ಓವರ್‌ಸಿಯರ್ ನಾಗೇಶ್ವರಯ್ಯನವರು ಬಂದಿದ್ದರು. ಅವರು ಹೊಡೆಸಿದ ಕಬ್ಬಿಣದ ಸರಳು ಸಲೀಸಾಗಿ ಒಳಗೆ ಹೋಗಿಬಿಟ್ಟಿತು.

“ಮರಳು ಸಡಿಲ ಇದೆ ಪೊನ್ನಪ್ಪನೋರೆ. ತುಂಬುವಾಗ್ಲೇ ಪದರ ಪದರಕ್ಕೂ ಬಡಿದು ಗಟ್ಟಿ ಮಾಡಿಸ್ಬೇಕಿತ್ತು. ಅದುರಿದ್ರೆ ಗಂಜಿ ಆಗ್ಬಿಡತ್ತೆ. ಭತ್ತದ ಮೂಟೆ ಹೇರಿಸಿ ಇಂಜಿನ್ ಓಡಿಸಿ ನೋಡೋಣ.”

“ಮೂಟೆ ಮುಳುಗಿದ್ರೆ? ಭತ್ತ ನೆನೆದು ಮೊಳಕೆ ಬರ್ತದೆ ಮಾರಾಯ್ರೆ. ಇಷ್ಟು ಆಳುಗಳು ಇದ್ದಾರಲ್ಲ, ಅವ್ರನ್ನೇ ನಿಲ್ಸುವ.”

ಓವರ್‌ಸಿಯರು ಕೊಡೆ ಬಿಚ್ಚಿಕೊಂಡು ಹಲಸಿನ ಮರದಡಿ ಹೋಗಿ ಕೂತರು. ಆಳುಗಳ ನೆರಳು ಅಷ್ಟು ದೂರ ಬರುತ್ತಿರಲಿಲ್ಲ.

ಕೂಸಪ್ಪ ಹ್ಯಾಂಡಲ್ ತಿರುಗಿಸಿ ದಂಡೆಗೆ ಓಡಿದ. ಇಂಜಿನ್ನು ಕೆಮ್ಮಿ ಕೆಮ್ಮಿ ಓಡತೊಡಗಿತು. ಅಂಗಾಲಿಗೆ ಕಚಗುಳಿ ಆಗುತ್ತೆ ಎಂದು ಪುಟ್ಟಸ್ವಾಮಿ ನಕ್ಕ. ಅವನ ಕಾಲ್ಬೆರಳ ಸಂದಿಯಿಂದ ನೀರು ಜಿನುಗಿತು. ನೋಡನೋಡುತ್ತ ನೆಲವೇ ಇಲ್ಲ! ಗಟ್ಟಿಯಾಗಿದ್ದ ಮರಳೆಲ್ಲ ಅಂಬಲಿ. ಅಂಚಿನವರು ಬಿದ್ದು ಎದ್ದು ದಂಡೆ ಹಿಡಿದರು, ನಡುವಿನವರು ಒಬ್ಬರನ್ನೊಬ್ಬರು ಎಳೆದುಕೊಂಡು ತೆವಳಿದರು. ಪುಟ್ಟಸ್ವಾಮಿ ಒಬ್ಬನೇ ಉಳಿದ.

“ತುಳಿ! ತುಳ್ಕಂಡ್ ಬಾ!” ಲಿಂಗಮ್ಮ ಕಿರುಚಿದಳು.

ಹಾಸನದ ಕಡೆಯಿಂದ ಬಂದ ಗದ್ದೆಯ ಜನ ಅವರು. ಕೆಸರಲ್ಲಿ ಕಾಲು ಹೂತರೆ ತುಳಿತುಳಿದು ಸಡಿಲ ಮಾಡಿ ಎತ್ತುವುದು ಅವರಿಗೆ ಎಳವೆಯಿಂದ ಬಂದ ಅಭ್ಯಾಸ. ಪುಟ್ಟಸ್ವಾಮಿ ತುಳಿದ. ತುಳಿದಷ್ಟೂ ಇಳಿದ. ಇದು ಕೆಸರಲ್ಲ, ಅದುರುವ ಮರಳು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಇಂಜಿನ್ನು ವಾಲಿತು, ಅದರ ದೊಡ್ಡ ಗಾಲಿ ಅವನ ಬೆನ್ನಿಗೆ ಒರಗಿತು, ಇಂಜಿನ್ನು ಉಸಿರುಗಟ್ಟಿ ನಿಂತಿತು. ಅದು ನಿಂತದ್ದೇ ತಡ, ಮರಳು ಮೇಲಕ್ಕೆ ನೀರು ಬಿಟ್ಟು ಮತ್ತೆ ಬಿಗಿಯಿತು. ಪುಟ್ಟಸ್ವಾಮಿ ಎದೆವರೆಗೆ ಅದರೊಳಗಿದ್ದ.

ಲಿಂಗಮ್ಮ ಓಡಿಹೋಗಿ ಉಗುರಿನಲ್ಲಿ ಕೆರೆಯತೊಡಗಿದಳು.

“ಎದೆ ಒತ್ತತದೆ ಕಣೆ ಲಿಂಗಿ.”

“ಸುಮ್ಕಿರು. ತೆಗೀತೀನಿ. ಮಾತಾಡ್ಬ್ಯಾಡ.”

ಆಳುಗಳು ಗುದ್ದಲಿ ಹಿಡಿದು ಬಂದರು. ದಂಡೆಯಿಂದ ಪೊನ್ನಪ್ಪನವರು ಗುಡುಗಿದರು.

“ಯಾವನೋ ಅವ ಗುದ್ಲಿ ಹಾಕೋನು! ಅಲ್ಲಿ ಅಗೆದ್ರೆ ಇಂಜಿನ್ ಪೂರಾ ಮಗುಚ್ತದೆ. ಹಗ್ಗ ಹಿಡೀರಿ ಎಲ್ಲ. ಮೊದ್ಲು ಇಂಜಿನ್!”

ಲಿಂಗಮ್ಮ ಬಂದು ಅವರ ಕಾಲಿಗೆ ಬಿದ್ದಳು. “ಬುದ್ದೀ, ಉಸ್ರು ನಿಲ್ತಾ ಅದೆ ನನ್ ಗಂಡುಂದು...”

“ಇಂಜಿನ್ ಎತ್ತಿದ್ರೆ ಅವ್ನೂ ಬರ್ತಾನೆ. ಕಾಲ್ ಬಿಡು, ಮುಂಡೆ.”

ಗಂಡ ಉಸಿರಾಡುತ್ತಿರುವಾಗಲೇ ಅವಳನ್ನು ಮುಂಡೆ ಅಂದರು. ಓವರ್‌ಸಿಯರು ಎದ್ದು ನಿಂತು “ಮೊದಲು ಅಗೆಸ್ಬೇಕು...” ಎಂದು ಬಾಯಿ ತೆರೆದರು. ಪೊನ್ನಪ್ಪನವರು ತಿರುಗಿ ನೋಡಿದರು. ಬಾಯಿ ಮುಚ್ಚಿತು.

ಅವನ ಜೊತೆ ಮರಳು ಹೊತ್ತವರೇ, ಅವನ ಬೀಡಿ ಹಂಚಿಕೊಂಡು ಸೇದಿದವರೇ ಹಗ್ಗ ಹಿಡಿದು ಐಸಾ ಅಂದರು. ಅಳುತ್ತಲೇ ಅಂದರು. ಎಳೆದರೆ ಇಂಜಿನ್ನು ಒಂದು ಗೇಣು ಬರುತ್ತಿತ್ತು, ನಿಲ್ಲುತ್ತಿತ್ತು.

“ನೀರು,” ಅಂದ ಪುಟ್ಟಸ್ವಾಮಿ.

ಮರಳಿನ ಮೇಲೆ ನಿಂತಿದ್ದ ನೀರನ್ನೇ ಬೊಗಸೆಯಲ್ಲಿ ಕೊಟ್ಟಳು. ಇಂಜಿನ್ನಿನ ಎಣ್ಣೆ ಬೆರೆತ ಕೆಟ್ಟ ನೀರು.

“ಸೀಯಾಗಿ ಅದೆ,” ಅಂದ. ಅವಳು ಕೊಟ್ಟದ್ದನ್ನು ಯಾವತ್ತೂ ಚೆನ್ನಾಗಿಲ್ಲ ಅಂದವನಲ್ಲ.

ಇಂಜಿನ್ನು ದಂಡೆ ಸೇರುವ ಹೊತ್ತಿಗೆ ಅವನ ತಲೆ ಅವಳ ಅಂಗೈ ಮೇಲೆ ವಾಲಿತ್ತು. ಆಮೇಲೆ ಅಗೆದರು. ಅಗೆಯಲು ಎಷ್ಟು ಹೊತ್ತು ಬೇಕಾಯಿತು? ಒಂದು ಎಲೆ ಅಡಿಕೆ ಹಾಕಿ ಉಗಿಯುವಷ್ಟು.

“ತುಳಿ ಅಂದೋಳು ನಾನೇ ಕಣ್ರವ್ವಾ,” ಎಂದು ಲಿಂಗಮ್ಮ ಆಳುಗಳ ಸಾಲುಮನೆ ಲೈನಿನ ಹೆಂಗಸರ ಮುಂದೆ ಹೇಳಿದ್ದನ್ನೇ ಹೇಳಿದಳು. ಕುಡಿದು ನಿಂತಿದ್ದ, ಅದಕ್ಕೇ ಸತ್ತ ಎಂದು ಪೊನ್ನಪ್ಪನವರು ಸಿದ್ದಾಪುರದ ತುಂಬ ಹೇಳಿಸಿದರು. ಹೆಂಡ ಮುಟ್ಟದವನನ್ನು!

ತಿಥಿಗೂ ಕಾಯದೆ ಇಂಜಿನ್ನು ಮರಳಿಗೆ ವಾಪಸ್ಸು ಬಂತು. ನಾಗೇಶ್ವರಯ್ಯನವರು ಮತ್ತೆ ಸರಳು ಹೊಡೆಸಿದರು. ಈ ಸಲ ಸುಲಭಕ್ಕೆ ಇಳಿಯಲಿಲ್ಲ.

“ಅದುರಿದ್ಮೇಲೆ ಮರಳು ಕೂತಿದೆ. ಈಗ ಗಟ್ಟಿ. ಆದ್ರೂ ಇನ್ನೊಂದ್ಸಲ ಭಾರ ಹಾಕಿ ನೋಡಿದ್ರೆ ವಾಸಿ.”

“ಇಳೀರೋ,” ಅಂದ ಕೂಸಪ್ಪ. ಅವನ ಬಾಯಿಂದ ಬೈಗುಳ ಬರಲಿಲ್ಲ.

ಆಳುಗಳು ತಲೆ ತಗ್ಗಿಸಿ ಇಳಿದರು. ಹೊಟ್ಟೆ ಕೇಳಬೇಕಲ್ಲ. ಲಿಂಗಮ್ಮ ಮಾತ್ರ ಹಲಸಿನ ಮರದಡಿ ಸರಿದಿದ್ದ ಓವರ್‌ಸಿಯರ ಕಡೆ ಹೋದಳು.

“ಸ್ವಾಮೇರಾ, ಗಟ್ಟಿ ಅಂದ್ರಲ್ಲ?”

“ಹೂಂ, ಗಟ್ಟೀನೇ. ದೂರ ನಿಂತ್ಕೋ, ದೂರ.”

ಅವಳು ದೂರ ನಿಲ್ಲಲಿಲ್ಲ. ಅವರ ಮುಂಗೈ ಹಿಡಿದಳು.

“ಮುಟ್ಬೇಡ್ವೇ! ಬಿಡೇ! ಅಯ್ಯೋ, ಮುಟ್ಬಿಟ್ಲಲ್ಲಪ್ಪಾ!”

ಬೇಸಗೆಯೆಲ್ಲ ಮರಳು ಹೊತ್ತ ಕೈ ಅದು, ಬಿಡುತ್ತದೆಯೇ? ಕೊಡೆ ಒಂದು ಕಡೆ ಬಿತ್ತು, ಜೋಡು ಒಂದು ಕಡೆ. ದರದರನೆ ಎಳೆದುಕೊಂಡು ಮರಳಿನ ನಡುವಿಗೆ ಬಂದಳು.

“ಹಿಡೀರೋ ಆ ಹೊಲ್ತೀನ!” ಪೊನ್ನಪ್ಪನವರು ಕೂಗಿದರು.

ಯಾರೂ ಹಿಡಿಯಲಿಲ್ಲ. ಆಳುಗಳು ಒಬ್ಬೊಬ್ಬರಾಗಿ ಮರಳಿನಿಂದ ದಂಡೆಗೆ ಹತ್ತಿದರು. ಕೊನೆಗೆ ಅಲ್ಲಿ ಉಳಿದವರು ಅವಳು ಮತ್ತು ನಡುಗುವ ಓವರ್‌ಸಿಯರು.

“ಎದರ್ಬ್ಯಾಡಿ ಸ್ವಾಮಿ. ನಾನೂ ಇರ್ತೀನಿ ನಿಮ್ ಜೊತ್ಗೆ,” ಅಂದಳು. ಆಮೇಲೆ ದಂಡೆಯ ಕಡೆ ತಿರುಗಿದಳು. “ಕೂಸಪ್ಪಣ್ಣಾ, ತಿರುಗ್ಸು ಹ್ಯಾಂಡ್ಲು.”

ಕೂಸಪ್ಪ ಸಾಹುಕಾರರ ಮುಖ ನೋಡಿದ. ಆಮೇಲೆ ಹ್ಯಾಂಡಲ್ ಕೈಗೆತ್ತಿಕೊಂಡು ಇಂಜಿನ್ನಿನ ಕಡೆ ನಡೆದ.