ಪ್ರಮಾಣ ಬೋಧಿಸಿದ ಮುನ್ಸೀಫರು

ಮನೆಯಿಂದ ಹೊರಡುವಾಗ ನಾವೆಲ್ಲ ‘ಬರ್ತೀನಿ’ ಎನ್ನುತ್ತೇವೆ. ರಾಜಾಜಿನಗರದಲ್ಲಿ ನನ್ನ ನೆರೆಯವರಾಗಿದ್ದ ನಿವೃತ್ತ ಮುನ್ಸೀಫ್ ಉಗ್ರಪ್ಪನವರು ಮಾತ್ರ, ಅಪಶಕುನವೆಂದು ಯಾರು ಎಷ್ಟು ಬೇಡಿಕೊಂಡರೂ, ‘ಹೋಗ್ತೀನಿ’ ಎಂದೇ ಹೇಳಿ ಹೊಸಿಲು ದಾಟುತ್ತಿದ್ದರು. ಬರುವೆನೆಂದು ಮಾತು ಕೊಟ್ಟು ಬಾರದೆ ಹೋದರೆ ಆ ಮಾತಿನ ಗತಿಯೇನು ಎಂಬುದು ಅವರ ಚಿಂತೆ. “ಇವರು ಕೋರ್ಟು ಬಿಟ್ರೂ ಕೋರ್ಟು ಇವರನ್ನ ಬಿಡಲಿಲ್ಲ” ಎಂದು ಅವರ ಪತ್ನಿ ನೀಲಗಂಗಮ್ಮ ನಗುತ್ತಿದ್ದರು.

ಹೆಸರಿನಲ್ಲಿದ್ದ ಉಗ್ರತೆ ಮುಖದಲ್ಲಿರಲಿಲ್ಲ. ಕತ್ತಿನವರೆಗೆ ಗುಂಡಿ ಹಾಕಿದ, ಮೊಣಕೈಯಲ್ಲಿ ಬಣ್ಣಗೆಟ್ಟ ಕರಿಯ ಕೋಟು. ನೆಲದ ಅನುಮತಿ ಪಡೆದೇ ಹೆಜ್ಜೆಯಿಡುವಂಥ ಸಾವಧಾನದ ನಡಿಗೆ. ನ್ಯಾಯಪೀಠದಲ್ಲಿದ್ದಾಗ ಸಾಕ್ಷಿಗಳಿಗೆ ತಾವೇ ಪ್ರಮಾಣ ಬೋಧಿಸುತ್ತಿದ್ದರಂತೆ. ಒಂದಕ್ಷರ ನುಂಗಿದರೂ “ಮೊದಲಿಂದ ಹೇಳಪ್ಪ” ಎನ್ನುತ್ತಿದ್ದರಂತೆ. ಆ ‘ಮೊದಲಿಂದ’ ಅವರ ನಾಲಿಗೆಯಲ್ಲಿ ಉಳಿದುಬಿಟ್ಟಿತ್ತು. ತರಕಾರಿಯವಳು ಸೊಪ್ಪಿನ ಹೆಸರುಗಳನ್ನು ಗಡಿಬಿಡಿಯಲ್ಲಿ ಕೂಗಿದರೂ ಜಗುಲಿಯಿಂದ ಅದೇ ಆಜ್ಞೆ ಹೊರಡುತ್ತಿತ್ತು.

ಐವತ್ತೇಳರ ಬೇಸಿಗೆಯಲ್ಲಿ ನಮ್ಮ ಬಡಾವಣೆಯ ಮಹಿಳಾ ಸಮಾಜಕ್ಕೆ ಲಿಂಗಮ್ಮ ಅಧ್ಯಕ್ಷೆಯಾಗಿ ಆಯ್ಕೆಯಾದರು. ಬಡಾವಣೆಯೆದ್ದ ನೆಲದಲ್ಲಿ ಹಿಂದೆ ರಾಗಿ ಬೆಳೆದಿದ್ದ ಕುಟುಂಬದವರು. ಹೊಲ ಹೋಗಿ ಬಾವಿಯೊಂದು ಉಳಿದಿತ್ತು. ನಲ್ಲಿಗಳು ಒಣಗಿದಾಗ ಹಳ್ಳಿಯವರು, ಹೊಸಬರು ಎನ್ನದೆ ಎಲ್ಲರಿಗೂ ಆ ಬಾವಿಯ ನೀರು ಕೊಟ್ಟವರು. ಸಮಾಜದ ಕಾರ್ಯದರ್ಶಿ ಕೋಕಿಲಾ, ಬಡಾವಣೆಯ ಶಾಲೆಯ ಉಪಾಧ್ಯಾಯಿನಿ. ರಾಷ್ಟ್ರಪತಿಗಳಿಗೆ ಮುಖ್ಯ ನ್ಯಾಯಮೂರ್ತಿಗಳು ಪ್ರಮಾಣವಚನ ಬೋಧಿಸಿದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ್ದೇ ತಡ, “ನಮ್ಮ ಅಧ್ಯಕ್ಷರಿಗೂ ಹಾಗೇ ಆಗಬೇಕು, ನೀವೇ ನಮ್ಮ ನ್ಯಾಯಮೂರ್ತಿಗಳು ಸಾರ್” ಎಂದು ಉಗ್ರಪ್ಪನವರಲ್ಲಿಗೆ ಬಂದರು.

ಸಮಾರಂಭದ ಸಂಜೆ ಶಾಲೆಯ ಅಂಗಳ ತುಂಬಿತ್ತು. ಉಗ್ರಪ್ಪನವರು ಕೋಟಿನ ಗುಂಡಿಗಳನ್ನು ಮುಟ್ಟಿ ನೋಡಿಕೊಂಡು, ಕೋಕಿಲಾ ಬರೆದುಕೊಟ್ಟಿದ್ದನ್ನು ಓದಿದರು: “ಶ್ರೀ ಕೆಂಪಯ್ಯನವರ ಧರ್ಮಪತ್ನಿ ಲಿಂಗಮ್ಮ ಎಂಬ ನಾನು…”

ಲಿಂಗಮ್ಮ ಬಾಯಿ ತೆರೆಯಲಿಲ್ಲ.

“ಮೊದಲಿಂದ ಹೇಳಿ ತಾಯಿ.”

ಲಿಂಗಮ್ಮ ಸೆರಗನ್ನು ಬಾಯಿಗೊತ್ತಿಕೊಂಡರು. ಹಿಂದಿನಿಂದ ಕಿಸಕ್ಕೆಂದು ನಗು ಕೇಳಿಸಿತು. “ಗಂಡನ ಹೆಸರು ಹೇಳೋಕಾಗದೋರು ಸಮಾಜ ಹೇಗ್ರೀ ನಡೆಸ್ತಾರೆ?” ಎಂದು ಹೊಸ ಮನೆಗಳ ಹೆಂಗಸೊಬ್ಬರು ಎಲ್ಲರಿಗೂ ಕೇಳುವಂತೆಯೇ ಪಿಸುಗುಟ್ಟಿದರು.

ದೂರದಲ್ಲಿ ಬೇವಿನ ಮರದಡಿ ನಿಂತಿದ್ದ ಕೆಂಪಯ್ಯ ನಾಚಿಕೆಯಿಂದಲೇ ಕೂಗಿದರು: “ನನ್ನೆಸ್ರು ಏಳಮ್ಮಿ, ನಾನೇನ್ ಸಾಯಾಕಿಲ್ಲ!”

“ಬ್ಯಾಡಿ ಸ್ವಾಮಿ,” ಎಂದರು ಲಿಂಗಮ್ಮ, ಕಣ್ಣು ತುಂಬಿತ್ತು. “ಅವರಾಯಸ್ಸಿಗಿಂತ ಈ ಕುರ್ಚಿ ದೊಡ್ಡದಲ್ಲ. ಬೇರೆ ಯಾರ್ನಾದ್ರೂ ಕುಂಡ್ರಿಸ್ಕಳಿ.” ಅವರು ಹೊರಟೇಬಿಟ್ಟರು, ಹಳ್ಳಿಯ ಹೆಂಗಸರೆಲ್ಲ ಅವರ ಜೊತೆಯಲ್ಲಿ ಎದ್ದರು.

ಒಂದಕ್ಷರವನ್ನೂ ಬಿಟ್ಟುಕೊಡದ ಮನುಷ್ಯ ಈಗೇನು ಮಾಡುತ್ತಾರೋ ಎಂದು ನಾನು ವೇದಿಕೆಯತ್ತ ನೋಡಿದೆ. ಉಗ್ರಪ್ಪನವರು ಹಾಳೆಯನ್ನು ಮಡಿಚಿದರು. ವೇದಿಕೆಯಿಂದಿಳಿದು, ಎಂದೂ ಕಾಣದ ಅವಸರದಲ್ಲಿ ನಡೆದು ಹೋಗಿ, ಲಿಂಗಮ್ಮನವರೆದುರು ಕೈಜೋಡಿಸಿದರು.

“ತಪ್ಪು ನಮ್ಮ ಬರವಣಿಗೇದು, ತಾಯಿ. ರಾಷ್ಟ್ರಪತಿಗಳ ಪ್ರಮಾಣವಚನದಲ್ಲಿ ಅವರ ಹೆಸರಿಗಷ್ಟೇ ಜಾಗ. ಯಾರ ಮಗ, ಯಾರ ಗಂಡ ಅಂತ ಮುಖ್ಯ ನ್ಯಾಯಮೂರ್ತಿಗಳು ಕೇಳಲ್ಲ. ಅವರನ್ನ ಕೇಳದೆ ಇರೋದನ್ನ ನಿಮ್ಮನ್ನ ಕೇಳೋಕೆ ನಾನ್ಯಾರು? ಬನ್ನಿ, ಮೊದಲಿಂದ ಹೇಳೋಣ.”

ಕೆಂಪಯ್ಯ ಹೋಗೆಂಬಂತೆ ತಲೆಯಾಡಿಸಿದರು. ಲಿಂಗಮ್ಮ ಹಿಂತಿರುಗಿ ಬಂದರು.

“ಲಿಂಗಮ್ಮ ಎಂಬ ನಾನು,” ಎಂದರು ಉಗ್ರಪ್ಪನವರು.

“ಲಿಂಗಮ್ಮ ಎಂಬ ನಾನು!” ಆ ಧ್ವನಿ ಅಂಗಳದಾಚೆಯ ರಸ್ತೆಗೂ ಕೇಳಿಸಿರಬೇಕು. ಕಡೆಯ ವಾಕ್ಯವಾದ ಮೇಲೆ ಆಕೆ ತಾವಾಗಿಯೇ ಸೇರಿಸಿದರು: “ನೀರಿನ ತಾವ ಯಾರ್ನೂ ಬ್ಯಾರೆ ಮಾಡಾಕಿಲ್ಲ.” ಅದು ಹಾಳೆಯಲ್ಲಿರಲಿಲ್ಲ. ಉಗ್ರಪ್ಪನವರು ತಿದ್ದಲಿಲ್ಲ, ತಲೆಬಾಗಿ ಆಲಿಸಿ, ಕುರ್ಚಿಯನ್ನು ತಾವೇ ಎಳೆದು ಕೊಟ್ಟು, ಬಂದು ಕೊನೆಯ ಸಾಲಿನಲ್ಲಿ ನನ್ನ ಪಕ್ಕದಲ್ಲಿ ಕುಳಿತರು.

“ನೀವು ವೇದಿಕೆ ಮೇಲಿರಬೇಕಲ್ಲವೇ?” ಎಂದೆ.

“ನನ್ನ ಕೆಲಸ ಮುಗೀತಲ್ಲಪ್ಪ,” ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಮುಂದಿನ ವರ್ಷಗಳಲ್ಲಿ ಲಿಂಗಮ್ಮ ಮತ್ತೆ ಮತ್ತೆ ಆಯ್ಕೆಯಾದರು. ಪ್ರತಿ ಸಲವೂ ಪ್ರಮಾಣ ಬೋಧಿಸಲು ಉಗ್ರಪ್ಪನವರೇ ಆಗಬೇಕೆಂದು ಹಟ ಹಿಡಿದರು. ಸಮಾಜದ ಆಡಳಿತದಲ್ಲಿ ಸಲಹೆ ಕೇಳಿದರೆ ಮಾತ್ರ ಉಗ್ರಪ್ಪನವರು ನಕ್ಕು ಕೈಮುಗಿದುಬಿಡುತ್ತಿದ್ದರು.

ದೆಹಲಿಯ ದರ್ಬಾರ್ ಹಾಲಿನಲ್ಲಾಗಲಿ, ನಮ್ಮ ಶಾಲೆಯ ಅಂಗಳದಲ್ಲಾಗಲಿ, ಪ್ರಮಾಣ ಬೋಧಿಸುವವರ ಕುಲ ಒಂದೇ ಎಂದು ನನಗನ್ನಿಸುತ್ತದೆ. ಇನ್ನೊಬ್ಬರು ಹೊರಬೇಕಾದ ಭಾರದ ಮಾತನ್ನು ಅವರು ಒಂದು ಕ್ಷಣ ತಮ್ಮ ನಾಲಿಗೆಯ ಮೇಲೆ ಹೊತ್ತು ತೂಗಿ ನೋಡುತ್ತಾರೆ. ಎದುರಿನ ಜೀವಕ್ಕೆ ಅದು ಸಲ್ಲುವುದೆಂದು ಖಚಿತವಾದ ಮೇಲೆ ಮೆಲ್ಲನೆ ದಾಟಿಸಿ, ಬದಿಗೆ ಸರಿದು ನಿಲ್ಲುತ್ತಾರೆ. ಅಧಿಕಾರವನ್ನು ಕೈಯಾರೆ ಕೊಟ್ಟೂ ಅದರ ಕಡೆ ತಿರುಗಿ ನೋಡದವರು ಅವರು. ಅಂಥವರಿರುವತನಕ ಕುರ್ಚಿಗಳಿಗೆ ಮರ್ಯಾದೆಯುಂಟು.