ಅರವತ್ತರ ನಡುಕ

"ಈಗ ನೋಡಿ, ಶುರುವಾಯ್ತು. ಗೊತ್ತಾಯ್ತಾ?" ಎಂದಳು ಹಿಂದಿನ ಸೀಟಿನಲ್ಲಿದ್ದ ಕಾರಿನೊಡತಿ.

ವೇಗದ ಮುಳ್ಳು ಅರವತ್ತರಲ್ಲಿತ್ತು. ಕಾರು ಓಡಿಸುತ್ತಿದ್ದ ಮೇಸ್ತ್ರಿಯ ಎಡ ಅಂಗೈ ಆಟೋಮ್ಯಾಟಿಕ್ ಗೇರಿನ ಮೇಲಿತ್ತು. ಮೂವತ್ತೈದು ವರ್ಷ ಅವರು ಗೇರುಪೆಟ್ಟಿಗೆಗಳ ರೋಗವನ್ನು ಓದಿದ್ದು ಆ ಅಂಗೈಯಿಂದಲೇ. ಇಂದು ಅದು ಏನನ್ನೂ ಹೇಳಲಿಲ್ಲ.

"ರಸ್ತೆ ಸರಿಯಿಲ್ಲಮ್ಮ."

"ಹೋದ ವಾರಾನೂ ಇದೇ ಅಂದ್ರಿ. ಡಯಾಲಿಸಿಸ್ ಮುಗಿಸಿದೋರನ್ನ ಮನೆಗೆ ಬಿಡೋಳು ನಾನು. ನಿನ್ನೆ ಒಬ್ಬ ಅಜ್ಜಿ, 'ನಡುಗ್ತಿರೋದು ನಾನೋ, ನಿನ್ನ ಕಾರೋ' ಅಂತ ಕೇಳ್ತು."

ಮೇಸ್ತ್ರಿಯ ಪಕ್ಕದಲ್ಲಿ ಕೂತಿದ್ದ ಅವರ ಮಗಳು ನಗಲಿಲ್ಲ. ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸುವುದು ಅವಳ ಪಾಲು. ಓಡಿಸಿ ನೋಡಿ 'ಸರಿ' ಅನ್ನುವುದು ತಂದೆಯದು. ಆ ಒಂದು ಮಾತು ಬೀಳದೆ ಯಾವ ಕಾರೂ ಗೇಟು ದಾಟಿದ್ದಿಲ್ಲ.

"ಅಪ್ಪಾ, ಆಕ್ಸಿಲರೇಟರ್ ಬಿಡ್ದೆ ಎಡಗಾಲಲ್ಲಿ ಬ್ರೇಕ್ ಮುಟ್ಟಿ ನೋಡು."

ಮಲಗಿದ ಮಗುವಿನ ಕೆನ್ನೆ ಮುಟ್ಟಿದ ಹಾಗೆ ಮುಟ್ಟಬೇಕು ಎಂದು ಅವಳಿಗೆ ಕಲಿಸಿದವರು ಅವರೇ. ಮುಟ್ಟಿದರು. ಕಾರು ಮುಗ್ಗರಿಸಿತು, ಒಡತಿಯ ಹಣೆ ಮುಂದಿನ ಸೀಟಿಗೆ ಬಡಿಯಿತು, ಹಿಂದಿನ ಲಾರಿ ಅರಚುತ್ತ ಪಕ್ಕಕ್ಕೆ ಹೊರಳಿ ಹೋಯಿತು.

"ಅಯ್ಯೋ, ಕೊಂದೇಬಿಡ್ತಿದ್ರಲ್ಲ ಮೇಸ್ತ್ರಿ!"

ಸಕ್ಕರೆ ಕಾಯಿಲೆಯ ಜೋಮು ಪಾದಗಳಿಂದ ಮೇಲೇರಿ ಅಂಗೈಗೂ ಬಂದಿದೆಯೆಂದು ಅವರು ಯಾರಿಗೂ ಹೇಳಿರಲಿಲ್ಲ. ಕಾರನ್ನು ಅಂಚಿಗೆ ನಿಲ್ಲಿಸಿ, "ನೀನು ಬಾ," ಎಂದು ಮಗಳಿಗೆ ಹೇಳಿ ಇಳಿದರು. ಕಾದ ಜಲ್ಲಿಯ ಮೇಲೆ ಕಾರನ್ನು ಸುತ್ತಿ ಬರುವಷ್ಟರಲ್ಲಿ ಅವಳು ಪೆಡಲುಗಳ ಅಡಿಯಿಂದ ಅವರ ಎಡಗಾಲಿನ ಚಪ್ಪಲಿಯನ್ನು ಎತ್ತಿ ಹಿಡಿದಿದ್ದಳು. ಅವರು ತಮ್ಮ ಬರಿಗಾಲನ್ನು ನೋಡಿಕೊಂಡರು. ಚಪ್ಪಲಿ ಮೆಟ್ಟಿ, ಮಗಳು ಬಿಟ್ಟ ಸೀಟಿನಲ್ಲಿ ಕೂತರು.

ಕಾರು ಮತ್ತೆ ಅರವತ್ತಕ್ಕೆ ಬಂತು. ಗೇರಿನ ಪಕ್ಕದಲ್ಲಿಟ್ಟಿದ್ದ ಅರ್ಧ ತುಂಬಿದ ಬಾಟಲಿಯಲ್ಲಿ ನೀರಿನ ಮೈ ಸಣ್ಣಗೆ ನಡುಗಿತು. ಅವರು ಅದನ್ನೇ ನೋಡುತ್ತ ಮಾತಾಡಿದರು.

"ಇಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್ ಅಂತ ಒಂದು ಡಬ್ಬ ಇರುತ್ತಮ್ಮ. ಒಳಗೆ ಎಣ್ಣೆ, ಎದುರುಬದುರು ಎರಡು ಫ್ಯಾನು. ಇಂಜಿನ್ ಒಂದನ್ನ ತಿರುಗಿಸುತ್ತೆ. ಅದು ತಳ್ಳಿದ ಎಣ್ಣೆ ಇನ್ನೊಂದನ್ನ ತಿರುಗಿಸುತ್ತೆ. ಹಿಂದಿಂದು ಯಾವಾಗ್ಲೂ ಒಂದು ಹೆಜ್ಜೆ ಹಿಂದೇನೇ."

"ನಮ್ಮ ಯಜಮಾನ್ರ ಥರ," ಎಂದಳು ಒಡತಿ, ಹಣೆ ಉಜ್ಜಿಕೊಳ್ಳುತ್ತ.

"ವೇಗ ಒಂದೇ ಸಮ ಆದ್ರೆ ಒಳಗಿನ ಕ್ಲಚ್ಚು ಎರಡನ್ನೂ ಸೇರಿಸಿ ಬಿಗೀತದೆ. ಲಾಕ್‌ಅಪ್ ಅಂತಾರೆ. ಆಗ ಜಾರೋ ಮಾತಿಲ್ಲ, ಪೆಟ್ರೋಲೂ ಉಳಿಯುತ್ತೆ. ಆದ್ರೆ ಕ್ಲಚ್ಚಿನ ಪದರ ಸವೆದಿದ್ರೆ ಹಿಡಿಯುತ್ತೆ, ಜಾರುತ್ತೆ, ಮತ್ತೆ ಹಿಡಿಯುತ್ತೆ. ಅದೇ ಈ ನಡುಕ."

"ಬ್ರೇಕ್ ಮುಟ್ಟಿದ್ರೆ?" ಒಡತಿ ಕೇಳಿದಳು.

"ಕ್ಲಚ್ಚು ಹಿಡಿತ ಬಿಟ್ಟುಬಿಡುತ್ತೆ. ನಡುಕ ನಿಂತ್ರೆ ರೋಗ ಅಲ್ಲೇ."

ಮಗಳು ಮುಟ್ಟಿದಳು. ಕಾರಿಗೆ ತಿಳಿಯದಷ್ಟು ಹಗುರಾಗಿ. ಇಂಜಿನ್ನಿನ ದನಿ ಕೊಂಚ ಏರಿತು, ಬಾಟಲಿಯ ನೀರು ನಿಂತಿತು.

"ಸಾಕಪ್ಪ, ಬಿಚ್ಚಿ ಸರಿಮಾಡಿ," ಎಂದಳು ಒಡತಿ. "ನೀವು 'ಸರಿ' ಅಂದ್ಮೇಲೇ ತಗೊಂಡ್ಹೋಗ್ತೀನಿ."

"ಅವಳು ಅಂದ್ಮೇಲೆ," ಎಂದರು ಮೇಸ್ತ್ರಿ.

ಮಗಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಬ್ರೇಕಿನಿಂದ ಕಾಲೆತ್ತಿದಳು, ನೀರು ಮತ್ತೆ ನಡುಗತೊಡಗಿತು. ಮೇಸ್ತ್ರಿ ಎರಡು ಬೆರಳನ್ನು ಬಾಟಲಿಗೆ ತಾಗಿಸಿದರು. ತುಸು ಹೊತ್ತು ಹಾಗೇ ಇಟ್ಟು, ತೆಗೆದು, ಕೈಯನ್ನು ತೊಡೆಯ ಮೇಲೆ ಮಗುಚಿಟ್ಟು, ನೀರನ್ನು ನೋಡುತ್ತ ಕೂತರು.