ಒಂದೇ ಉಸಿರಿನ ಎರಡು ಕಾಗದ

ಮಾವನ ಉಸಿರು ಮೂವತ್ತರ ಯುವಕನ ಉಸಿರಿನಂತಿತ್ತು. ಸೊಸೆಗೆ ಭಯವಾದದ್ದು ಅದಕ್ಕೇ.

ಆಸ್ಪತ್ರೆಯ ಉಸಿರಾಟ ಪರೀಕ್ಷೆಯ ಕೋಣೆಯಲ್ಲಿ ಅವಳ ಕೆಲಸ. ಜನರಿಂದ ಕೊಳವೆಯೊಳಗೆ ಜೋರಾಗಿ ಊದಿಸಬೇಕು. ಯಂತ್ರ ಬರೆದ ರೇಖೆಯನ್ನು ಓದಬೇಕು. ಹಿಂದಿನ ದಿನ ಹೊಸ ಸಹೋದ್ಯೋಗಿಯೊಬ್ಬಳು ಕಲ್ಲು ಕೊಯ್ಯುವ ಕಾರ್ಖಾನೆಗೆ ಹೋಗಿ ಇಪ್ಪತ್ತೆರಡು ಜನರ ಪರೀಕ್ಷೆ ಮುಗಿಸಿ ಬಂದಿದ್ದಳು. ಅಲ್ಲಿನ ಮೇಸ್ತ್ರಿಯೇ ಮಾವ. ಐವತ್ತಾರು ವರ್ಷ, ಅದರಲ್ಲಿ ಮೂವತ್ತು ಗರಗಸದ ಮುಂದೆಯೇ ಕಳೆದಿದ್ದವು. ಮೂರನೇ ಮಹಡಿಯ ಮನೆಗೆ ಹತ್ತುವಾಗ ಎರಡು ಕಡೆ ನಿಲ್ಲುತ್ತಿದ್ದರು. ಕೇಳಿದರೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿತು ಎನ್ನುತ್ತಿದ್ದರು.

ಒಂಬತ್ತನೆಯ ಕಾಗದ ಮಾವನದು. ಹದಿನಾಲ್ಕನೆಯದು ಅಲ್ಲೇ ದುಡಿಯುವ ಅವಳ ಗಂಡನದು. ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ರೇಖೆ ಏರಿದ ಪರಿ, ಇಳಿದ ಪರಿ, ಕೊನೆಯಲ್ಲಿ ನಗು ತಡೆಯಲಾರದವನಂತೆ ತಟ್ಟನೆ ನಿಂತ ಪರಿ, ಎಲ್ಲವೂ ಅಚ್ಚೊತ್ತಿದಂತೆ ಒಂದೇ.

ಸುಳ್ಳು ಹೇಳಿದ್ದು ಯಂತ್ರವೋ, ಮನೆಯವರೋ?

ಯಂತ್ರವನ್ನು ಪರೀಕ್ಷಿಸಿದಳು. ಅದರಲ್ಲಿ ದೋಷವಿರಲಿಲ್ಲ.

ಮಧ್ಯಾಹ್ನ ಕಾರ್ಖಾನೆಗೆ ಹೋದಾಗ ಒಳಗೆಲ್ಲ ಬಿಳಿ ಧೂಳು ಕವಿದಿತ್ತು. ಕಣ್ಣಿನವರೆಗೂ ವಸ್ತ್ರ ಕಟ್ಟಿಕೊಂಡ ಬಿಳಿ ಆಕೃತಿಗಳ ನಡುವೆ ಗಂಡನನ್ನು ಗುರುತಿಸಿ, "ರೀ," ಎಂದಳು.

"ಅಕ್ಕಾ, ನಿಮ್ಮೆಜಮಾನ್ರು ಆ ಕಡೆ!" ತಿರುಗಿದವನು ಬೇರೆ ಯಾರೋ.

ಸಹೋದ್ಯೋಗಿ ಹೇಗೆ ಮೋಸಹೋದಳೆಂಬುದು ಅವಳಿಗೆ ಅರ್ಥವಾಯಿತು.

ಗರಗಸದ ಮುಂದಿದ್ದ ಮಾವನ ಬಳಿಗೆ ಹೋದಳು. "ಮಾವ, ನಿನ್ನೆ ಊದಿದ್ದು ಯಾರು?"

"ನಾನೇ. ಯಾಕಮ್ಮ, ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ. ಈಗಷ್ಟೇ ಮೀಸೆ ಮೂಡಿದ ಹುಡುಗನ ಉಸಿರು."

ಹಿಂದೆ ನಿಂತಿದ್ದ ಗಂಡ ತಲೆ ಕೆರೆದುಕೊಂಡ. "ಎರಡು ಸರದಿ ಊದಿ ನಂಗೇ ತಲೆ ತಿರುಗಿಬಿಡ್ತು ಕಣೇ."

"ನೀವು ಸುಮ್ನಿರಿ. ನಿಮ್ಮನ್ನ ಮನೇಲಿ ವಿಚಾರಿಸ್ಕೋತೀನಿ."

ಮಾವನ ದನಿ ತಗ್ಗಿತು. "ಕಮ್ಮಿ ಬಂದ್ರೆ ಗರಗಸದ ಮುಂದಿಂದ ಎಬ್ಬಿಸಿ ಗೇಟಿನ ಹತ್ರ ಕೂರಿಸ್ತಾರಮ್ಮ. ಬರೋ ಹೋಗೋ ಲಾರಿಗೆ ಕೈ ಬೀಸೋ ಕೆಲಸ. ಈ ಕೈ ಇರೋದು ಅದಕ್ಕಾ?"

ನಿಜ ಬರೆದರೆ ಮಾವನ ಗರಗಸದ ಕೆಲಸ ಹೋಗುತ್ತದೆ. ಬರೆಯದಿದ್ದರೆ ಉಸಿರೇ ಹೋಗುತ್ತದೆ. ತಲೆ ತಗ್ಗಿಸಿ ನಿಂತ ಅವಳ ಕಣ್ಣು ಗರಗಸದ ಪಕ್ಕದ ನೀರಿನ ಕೊಳವೆಯ ಮೇಲೆ ಬಿತ್ತು. ಅದು ಒಣಗಿತ್ತು. ಅದರ ನಲ್ಲಿಯನ್ನು ತಂತಿಯಿಂದ ಬಿಗಿಯಲಾಗಿತ್ತು.

"ಇದನ್ನ ಕಟ್ಟಿದ್ದು ಯಾರು?"

"ನಾನೇ. ನೀರು ಬಿಟ್ರೆ ಪೆನ್ಸಿಲ್ ಗೆರೆ ಅಳಿಸಿ ಹೋಗತ್ತೆ. ಗೆರೆ ಇಲ್ದೆ ಕೊಯ್ಯೋದು ಅಂದ್ರೆ ಕಣ್ಣು ಮುಚ್ಕೊಂಡು ಕ್ಷೌರ ಮಾಡಿದ ಹಾಗೆ!"

"ಕಣ್ಣಿಗೆ ಕಾಣೋ ಧೂಳನ್ನ ಮೂಗು ಹೇಗೋ ತಡೆಯತ್ತೆ, ಮಾವ. ಕಾಣದೇ ಇರೋದೇ ಆಳಕ್ಕೆ ಹೋಗಿ ಕೂತ್ಬಿಡೋದು. ನಿಮ್ಮ ಮಗನ ಉಸಿರು ಇನ್ನೂ ಪೂರ್ತಿ ಇದೆ. ಅದು ಹಾಗೇ ಇರ್ಬೇಕಾ, ಬೇಡ್ವಾ?"

ಮಾವ ಮಗನ ಬಿಳಿ ಮುಖವನ್ನು ನೋಡಿದರು. ಕೈಚಾಚಿ ಗರಗಸ ನಿಲ್ಲಿಸಿದರು.

ಮರುದಿನ ಅವರು ತಾವೇ ಊದಿದರು. ಆ ವಯಸ್ಸಿಗೆ ಇರಬೇಕಾದ ಉಸಿರಿನಲ್ಲಿ ನೂರಕ್ಕೆ ಅರವತ್ತೊಂದು. ಎಕ್ಸ್‌ರೇ ಬಾಕಿಯಿತ್ತು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕಲೆ ಕಟ್ಟಿದ್ದರೆ ಅದನ್ನು ಅಳಿಸುವ ಔಷಧವಿಲ್ಲವೆಂಬುದು ಸೊಸೆಗೆ ಗೊತ್ತಿತ್ತು. ಎಕ್ಸ್‌ರೇ ತೆಗೆಸಿದ ಮೇಲೆ ವೈದ್ಯೆ ಚಿತ್ರವನ್ನು ದೀಪಕ್ಕೆ ಹಿಡಿದರು. ಎಡಗಡೆ ನೋಡಿದರು, ಬಲಗಡೆ ನೋಡಿದರು, ಮತ್ತೆ ಎಡಗಡೆಗೇ ಮರಳಿದರು.

"ಕಲೆ ಕಾಣ್ತಿಲ್ಲ," ಎಂದರು ವೈದ್ಯೆ. "ಉಸಿರಿನ ನಾಳಗಳು ಬಿಗಿದಿವೆ. ಸೇದೋ ಔಷಧಿ ಕೊಡ್ತೀನಿ, ಸ್ವಲ್ಪ ಸಡಿಲ ಆಗತ್ತೆ. ಹೋಗಿದ್ದೆಲ್ಲಾ ವಾಪಸ್ ಬರಲ್ಲ. ಧೂಳು ನಿಂತ್ರೆ ಉಳಿದಿರೋದನ್ನ ಕಾಪಾಡ್ಕೋಬಹುದು. ಒಣ ಗರಗಸ ಮಾತ್ರ ಇನ್ನು ಮುಟ್ಟೋ ಹಾಗಿಲ್ಲ."

"ನೀರು ಹಾಕಿ ಕೊಯ್ದ್ರೆ?"

"ನೀರು, ಸರಿಯಾದ ಮಾಸ್ಕ್, ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಮೂರೂ ಇದ್ರೆ ಬರೆದು ಕೊಡ್ತೀನಿ."

ನೀರಿಗೆ ಅಳಿಯದ ಗೆರೆಗಾಗಿ ಮಾವ ಕಾರ್ಖಾನೆಯಲ್ಲಿ ಹುಡುಕಾಟ ಶುರುಮಾಡಿದರು. ಸೀಮೆಸುಣ್ಣದ ಗೆರೆ ಮೊದಲ ಹನಿಗೇ ಕರಗಿತು. ಬಣ್ಣ ಹರಡಿತು. ಮೂರನೆಯ ದಿನ ಮಾವ ಮಕ್ಕಳ ಸಾಮಾನಿನ ಅಂಗಡಿಯಿಂದ ಮೇಣದ ಬಳಪದ ಡಬ್ಬಿಯೊಂದನ್ನು ತಂದು, ಒಣಗಿದ ಕಲ್ಲಿನ ಮೇಲೆ ಹಳದಿ ಗೆರೆ ಎಳೆದರು. ತಂತಿ ಬಿಚ್ಚಿದರು. ಕೆಲಸಗಾರರೆಲ್ಲ ಸುತ್ತ ನೆರೆದರು. ನೀರು ಹರಿಯಿತು, ಗರಗಸ ಇಳಿಯಿತು, ಕೆಸರು ಚಿಮ್ಮಿತು. ಗೆರೆ ಅಲುಗಲಿಲ್ಲ.

ಸಂಜೆಯೊಳಗೆ ಎಲ್ಲ ಗರಗಸಗಳಿಗೂ ನೀರು ಬಂತು. ಎರಡು ದಿನ ಕಳೆಯುವಷ್ಟರಲ್ಲಿ ಕಾರ್ಖಾನೆಯ ಆಚೆ ತುದಿಯ ಗೋಡೆ ಸ್ಪಷ್ಟವಾಗಿ ಕಾಣತೊಡಗಿತು.

"ಆ ಗಡಿಯಾರ ಅಲ್ಲಿ ಯಾವಾಗಿಂದ ಇದೆಯೋ?" ಮಾವ ಬೆರಗಾದರು.

"ಹನ್ನೊಂದು ವರ್ಷದಿಂದ, ಮೇಸ್ತ್ರಿ," ಎಂದ ಊಟಕ್ಕೆ ಏಳುತ್ತಿದ್ದ ಕೆಲಸಗಾರನೊಬ್ಬ. ಗಡಿಯಾರದಲ್ಲಿ ಒಂದು ಗಂಟೆಯ ಊಟಕ್ಕೆ ಇನ್ನೂ ಹತ್ತು ನಿಮಿಷವಿತ್ತು.

"ಹಾಗಾದ್ರೆ ಇಷ್ಟು ದಿನ ಊಟಕ್ಕೆ ಹತ್ತು ನಿಮಿಷ ಮುಂಚೆನೇ ಏಳ್ತಿದ್ರೇನ್ರೋ, ಕಳ್ಳರಾ!"

ನಗುತ್ತಲೇ ಮಾಸ್ಕನ್ನು ಮೂಗಿಗೇರಿಸಿ, ಅವರು ಮುಂದಿನ ಕಲ್ಲಿಗೆ ಗೆರೆ ಎಳೆದರು.